ಹಿರಿಯರ ಕಲ್ಲು

ಭಾದ್ರಪದದ ಕೃಷ್ಣಪಕ್ಷವು ಸಮೀಪಿಸಿತು. ಹಿರಿಯರ ಹಬ್ಬಕ್ಕೆಂದು ಮನೆಗಳಲ್ಲಿ ಸುಣ್ಣ ಬಳಿಯುವ, ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ದಿನಗಳಿವು. ಇಂತಹ ಸಮಯದಲ್ಲಿಯೇ ದೂರದೇಶದಲ್ಲಿ ನೆಲಸಿರುವ ವಾಚಕ ಸೋದರಿಯೊಬ್ಬರು ಒಂದು ಪತ್ರವನ್ನು ಬರೆದಿರುವರು. ಅವರ ಮಗನಿಗೆ ಶಾಲೆಯಲ್ಲಿ ಮನೆತನದ ವಂಶವೃಕ್ಷವನ್ನು ಬರೆದು ತರುವಂತೆ ಹೇಳಿದರಂತೆ. ಜೊತೆಯ ಮಕ್ಕಳು ತಂದೆತಾಯಿಗಳೊಡನೆ ಊರ ಸ್ಮಶಾನಕ್ಕೆ ಹೋಗಿ, ಗೋರಿಕಲ್ಲುಗಳ ಮೇಲಿನ ಹೆಸರನ್ನೂ ತಾರೀಖನ್ನೂ ನಕಲು ಮಾಡಿಕೊಂಡು, ಆರೇಳು ತಲೆಮಾರುಗಳನ್ನು ಬರೆದು ತಂದರು. ಈ ಬಾಲಕನ ಹಾಳೆಯಲ್ಲಿಯಾದರೋ ಮುತ್ತಜ್ಜನ ಹೆಸರಿನಿಂದ ಮೇಲೆ ಬರಿಯ ಬಿಳಿಯ ಕಾಗದ! “ನಮ್ಮವರಿಗೆ ಇಂತಹ ಕಲ್ಲುಗಳೇ ಇಲ್ಲವಲ್ಲ, ನಾವು ನಮ್ಮ ಹಿರಿಯರನ್ನು ಎಲ್ಲಿ ಹುಡುಕುವುದು?” ಎಂದು ಆ ತಾಯಿಯು ಕೇಳುತ್ತಾರೆ.

ಪ್ರಶ್ನೆಯು ಚಿಕ್ಕದಾದರೂ ಉತ್ತರವು ಚಿಕ್ಕದಲ್ಲ. ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಡುವೆನು.

ಮೊದಲು ಗೋರಿಕಲ್ಲುಗಳ ವಿಷಯವನ್ನೇ ನೋಡೋಣ. ಒಂದು ಕಲ್ಲಿನ ಮೇಲೆ ಗತಿಸಿದವರ ಹೆಸರು, ಹುಟ್ಟಿದ ಮತ್ತು ಸತ್ತ ದಿನ, ಯಾರ ಮಗಳು, ಯಾರ ಹೆಂಡತಿ, ಯಾವ ಊರಿನವರು ಎಂಬಷ್ಟು ಸಂಗತಿಗಳಿದ್ದರೆ ಅದು ಒಂದು ಸಂಸಾರದ ಚರಿತ್ರೆಯೇ ಸರಿ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಸಮುದ್ರವನ್ನು ದಾಟಬೇಕಾಗಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದಲ್ಲಿ ಒಂದು ಸೈನಿಕ ಸ್ಮಶಾನವುಂಟು. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಯುದ್ಧದ ತರುವಾಯ ಅಲ್ಲಿ ಠಾಣ್ಯ ಹಾಕಿದ್ದ ದಂಡಿನವರೂ ಅವರ ಹೆಂಡಿರು ಮಕ್ಕಳೂ ಅಲ್ಲಿ ಮಲಗಿರುವರು. ಆ ದಂಡಿನಲ್ಲಿ ಡಿ ಮ್ಯೂರಾನ್ ಎಂಬ ಮನೆತನದವರು ಕಟ್ಟಿದ ಸ್ವಿಸ್ ರೆಜಿಮೆಂಟಿನವರೂ ಇದ್ದರು. ಇನ್ನೂರು ವರ್ಷಗಳಾದ ಮೇಲೆ, 2008ರ ಸುಮಾರಿನಲ್ಲಿ, ಅದೇ ಮನೆತನದ ವಂಶಜರು ಪಾಳುಬಿದ್ದಿದ್ದ ಆ ಗೋರಿಗಳ ಜೀರ್ಣೋದ್ಧಾರಕ್ಕೆ ನೆರವಾದರು. ಇಂಗ್ಲೆಂಡಿನಲ್ಲಿ 1976ರಲ್ಲಿ ದಕ್ಷಿಣ ಏಷ್ಯದ ಇಂತಹ ಸ್ಮಶಾನಗಳಿಗಾಗಿಯೇ ಒಂದು ಸಂಘವು ಸ್ಥಾಪಿತವಾಯಿತು. ಅದು ಕಲ್ಲುಗಳ ಮೇಲಿನ ಬರಹವನ್ನೆಲ್ಲಾ ಪಟ್ಟಿಮಾಡಿಸಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರಿಸುತ್ತ ಬಂದಿದೆ. ನಮ್ಮ ನೆಲದಲ್ಲಿ ಮಣ್ಣಾದವರ ಮೊಮ್ಮಕ್ಕಳು ಅಲ್ಲಿ ಕುಳಿತು ತಮ್ಮವರನ್ನು ಕಂಡುಕೊಳ್ಳುತ್ತಾರೆ. ನಮ್ಮಲ್ಲಿಯ ಕ್ರೈಸ್ತ ಮತ್ತು ಮುಸಲ್ಮಾನ ಸಂಸಾರಗಳಿಗೂ ಇಂತಹ ಕಲ್ಲಿನ ಆಧಾರವು ಎಷ್ಟೋ ಕಡೆಗಳಲ್ಲಿ ಉಂಟು.

ಹಾಗಾದರೆ ಉಳಿದವರಿಗೆ ಇಲ್ಲವೆ? ದೇಹವನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ಮನೆಗಳಲ್ಲಿ ಕಲ್ಲು ಉಳಿಯುವುದಿಲ್ಲವೆಂಬುದು ನಿಜ. ಆದರೆ ಕನ್ನಡನಾಡಿನಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವ ಪದ್ಧತಿಯು ಬಹು ಹಳೆಯದು. ವೀರಗಲ್ಲನ್ನು ನೋಡದ ಹಳ್ಳಿಯವರು ಯಾರಿದ್ದಾರೆ? ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ನೋಟ, ಮೇಲೆ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಊರಿನ ದನಗಳನ್ನು ಹೊಡೆದುಕೊಂಡು ಹೋದ ಕಳ್ಳರನ್ನು ಅಟ್ಟಿಹೋಗಿ ಸತ್ತವನಿಗೂ, ಹೆಂಗಸರ ಮಾನವನ್ನು ಕಾಯಲು ನಿಂತು ಸತ್ತವನಿಗೂ ಊರವರು ಕಲ್ಲು ನಿಲ್ಲಿಸಿದರು. ಕಂಬದಿಂದ ಹೊರಟ ಬಳೆ ತೊಟ್ಟ ಕೈಯೊಂದು ಮೇಲೆತ್ತಿರುವ ಮಾಸ್ತಿಕಲ್ಲುಗಳು ಗಂಡನೊಡನೆ ಚಿತೆಯೇರಿದ ಹೆಂಗಸರವು. ಅವನ್ನು ನೋಡಿದಾಗ ನಮ್ಮ ಮನಸ್ಸು ಕುಗ್ಗುವುದು ಸಹಜ. ಆದರೂ ಅಲ್ಲಿ ಒಬ್ಬಳು ಇದ್ದಳೆಂಬುದಕ್ಕೆ ಆ ಕೈಯೇ ಸಾಕ್ಷಿ.

ಈ ಕಲ್ಲುಗಳು ರಾಜರ ಹೊಗಳಿಕೆಗೆ ಮಾತ್ರ ಇರುವುವೆಂದು ತಿಳಿಯಬಾರದು. ಬೇಗೂರಿನ ದೇವಾಲಯದಲ್ಲಿ ಸುಮಾರು ಕ್ರಿ. ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ದೊರೆಯುವ ಪ್ರಾಚೀನ ಶಾಸನವೆಂದು ಅದು ಪ್ರಸಿದ್ಧವಾಗಿದೆ. ಅದು ಹೇಳುವುದೇನು? ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ಅಧಿಕಾರಿಯ ಕಡೆಯವನೊಬ್ಬನು ಸತ್ತನೆಂದು ಮಾತ್ರ. ಒಂದು ಮನೆಯವನ ಸಾವಿನ ಸುದ್ದಿಯು ಇಷ್ಟು ದೊಡ್ಡ ಪಟ್ಟಣದ ಹೆಸರನ್ನು ನಮಗೆ ಉಳಿಸಿಕೊಟ್ಟಿತು! ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಇದಕ್ಕೂ ಹಳೆಯದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಆತಕೂರಿನ 949ರ ಕಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಮನುಷ್ಯರನ್ನು ಮರೆತಿತೆ?

ಇದರಲ್ಲಿ ಇನ್ನೊಂದು ಸ್ವಾರಸ್ಯವುಂಟು. ವೀರನು ಸತ್ತಾಗ ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಆ ದಾನಕ್ಕೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಕಾಣಬರುತ್ತವೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದು ಕೊಟ್ಟದ್ದು. ನೆತ್ತರುಗೊಡಗೆ ಎಂದರೆ ಸುರಿದ ರಕ್ತಕ್ಕಾಗಿ ಕೊಟ್ಟದ್ದು. ಎಂದಮೇಲೆ ಅಂತಹ ಕಲ್ಲು ನೆನಪಿನ ಗುರುತಷ್ಟೇ ಅಲ್ಲ. ಸತ್ತವನ ಹೆಂಡತಿ ಮಕ್ಕಳ ಹಕ್ಕಿನ ಪತ್ರವೂ ಹೌದು. ಹೊಲವೂ ಹಿರಿಯನೂ ಒಂದೇ ಕಲ್ಲಿನಲ್ಲಿ ಇದ್ದರು. ಈಗ ಹೊಲವನ್ನು ಮಾರುವಾಗ ನಾವು ಮೊದಲು ಕೀಳುವುದು ಅದೇ ಕಲ್ಲನ್ನು.

ಈ ಮಾತನ್ನು ನಾನು ಕೇಳಿ ಬರೆದದ್ದಲ್ಲ, ನಮ್ಮ ತವರಿನಲ್ಲಿ ಕಂಡು ಬರೆದದ್ದು. ತುಮಕೂರಿನ ಹೆದ್ದಾರಿಯಲ್ಲಿ, ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಹೋಗುವಾಗ ಸಿಕ್ಕುವ ಮಾದನಾಯಕನಹಳ್ಳಿಯು ನನ್ನ ತವರು. ಊರಿನ ಹೆಸರಿನಲ್ಲಿಯೇ ಒಬ್ಬ ಹಿರಿಯನ ಹೆಸರು ಕುಳಿತಿದೆ. ನನ್ನ ಬಾಲ್ಯದಲ್ಲಿ ಅಲ್ಲಿ ರಾಗಿ, ಅವರೆ, ಹುಚ್ಚೆಳ್ಳಿನ ಹೊಲಗಳು. ಈಗ ಕಾರ್ಖಾನೆ, ಗೋದಾಮು, ನಿವೇಶನಗಳ ಸಾಲು. 2024ರಲ್ಲಿ ಮೆಟ್ರೋ ರೈಲು ನೆರೆಯ ಮಾದಾವರದವರೆಗೂ ಬಂದಿತು. ಬೆಳವಣಿಗೆಯನ್ನು ನಾನು ಹಳಿಯುವವಳಲ್ಲ; ಆ ಕಾರ್ಖಾನೆಗಳ ಸಂಬಳದಿಂದಲೇ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿರುವರು. ಆದರೆ ಹೊಲಗಳ ಅಂಚಿನಲ್ಲಿ ಹೂಳುವ ಪದ್ಧತಿ ನಮ್ಮದು. ಹೊಲವು ಹೋದರೆ ಹಿರಿಯರೂ ಹೋದಂತೆಯೇ.

ನಮ್ಮ ಹೊಲದ ಮೂಲೆಯಲ್ಲಿ ಹೊಂಗೆಯ ಮರದ ಕೆಳಗೆ ನಾಲ್ಕು ಕಲ್ಲುಗಳಿದ್ದವು. ಪಾಲಾದಾಗ ಎರಡು ಚಿಕ್ಕಪ್ಪನ ಭಾಗಕ್ಕೆ ಸೇರಿದವು. ಆ ಭಾಗವು ಮಾರಾಟವಾದ ವರ್ಷ, ಕೊಂಡವರು ಒಂದೇ ಬೆಳಗಿನಲ್ಲಿ ಯಂತ್ರದಿಂದ ನೆಲವನ್ನು ಮಟ್ಟಮಾಡಿಬಿಟ್ಟರು. ಅವರಿಗೆ ಅವು ಬರಿಯ ಕಲ್ಲು. ಹೇಳಬೇಕಾಗಿದ್ದ ನಾವು ಹೇಳಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಎಡೆಯ ತಟ್ಟೆಯನ್ನು ಹಿಡಿದುಕೊಂಡು ಹೋದವರು ಕಾಂಪೌಂಡಿನ ಗೋಡೆಯನ್ನು ನೋಡಿಕೊಂಡು ಹಿಂದಿರುಗಿದೆವು.

ಉಳಿದ ಎರಡು ಕಲ್ಲುಗಳಲ್ಲಿ ಒಂದು ಮುತ್ತಜ್ಜನದು. ಇನ್ನೊಂದು ಯಾರದೆಂದು ಯಾರಿಗೂ ತಿಳಿಯದು. “ಯಾವುದೋ ಮಗುವಿನದಿರಬೇಕು,” ಎಂದು ದೊಡ್ಡಪ್ಪನ ಮಗನು ಹೇಳುತ್ತಿದ್ದನು. ಈ ಭಾಗವನ್ನೂ ಕೊಡುವ ಮಾತು ಬಂದಾಗ, ಕೊಡುವುದಕ್ಕೆ ಮುಂಚೆ ಅದನ್ನೊಂದು ಸಲ ಓದಿನೋಡೋಣವೆಂದು ನಾನು ಹಟಹಿಡಿದೆನು.

ಕಲ್ಲನ್ನು ಓದುವ ಬಗೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ನಿಮಗೂ ಬೇಕಾದೀತು. ಪಾಚಿಯನ್ನು ತೆಗೆಯಲು ತಂತಿಯ ಕುಂಚವನ್ನಾಗಲಿ, ಆಮ್ಲವನ್ನಾಗಲಿ, ಸೋಪಿನ ಪುಡಿಯನ್ನಾಗಲಿ ಮುಟ್ಟಿಸಲೇಬಾರದು. ಬರಿಯ ನೀರು, ಮೆತ್ತನೆಯ ಕುಂಚ, ತಾಳ್ಮೆ ಇವಿಷ್ಟೇ ಸಾಕು. ಅಕ್ಷರಗಳಿಗೆ ಬಣ್ಣ ತುಂಬಿದರೆ ನಾವು ತಪ್ಪು ಓದಿದ್ದೇ ಮುಂದಿನವರಿಗೆ ಶಾಸನವಾಗುತ್ತದೆ. ಎಣ್ಣೆಯನ್ನು ಬಳಿದರೆ ಧೂಳು ಕುಳಿತು ಅಕ್ಷರವು ಮುಚ್ಚಿಹೋಗುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಏನೂ ಕಾಣದು. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಇಲ್ಲವೆ ಕತ್ತಲಾದ ಮೇಲೆ ಬ್ಯಾಟರಿ ದೀಪವನ್ನು ಕಲ್ಲಿನ ಪಕ್ಕದಿಂದ ಹಿಡಿದರೆ, ಸವೆದ ಅಕ್ಷರಗಳೂ ನೆರಳು ಕಟ್ಟಿ ಎದ್ದುನಿಲ್ಲುತ್ತವೆ. ಬಲ್ಲವರು ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದುಂಟು. ನಾವು ಅದಕ್ಕೆ ಕೈಹಾಕದೆ, ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಪಟ ತೆಗೆದರೆ ಸಾಕು.

ಹಾಗೆ ಸಂಜೆಯ ಐದೂವರೆಗೆ ಕುಳಿತಾಗ ಮೂರು ತುಂಡುಗಳು ಮಾತ್ರ ಕಂಡವು. ಮೇಲೆ “ವಿಳಂಬಿ”, ಅದರ ಕೆಳಗೆ “ಕಾರ್ತೀಕ ಬ”, ಕೊನೆಯಲ್ಲಿ ಹೆಸರಿನ ಬಾಲವಾದ “ಮ್ಮ”. ಹೆಸರಿನ ತಲೆಯು ಕಲ್ಲಿನ ಚಕ್ಕೆಯೊಡನೆ ಎಂದೋ ಹಾರಿಹೋಗಿತ್ತು. ಮಗುವಿನದಲ್ಲ, ಹೆಂಗಸಿನದು!

ಸಂವತ್ಸರಗಳು ಅರವತ್ತು. ಒಂದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷವನ್ನು ಬರೆದಿದ್ದರೆ ಅದಕ್ಕೆ 78 ಕೂಡಿಸಿ ಕ್ರಿಸ್ತಶಕವನ್ನು ತಿಳಿಯಬಹುದು; ಪುಷ್ಯದಿಂದ ಫಾಲ್ಗುಣದವರೆಗಿನ ತಿಂಗಳುಗಳಾದರೆ ಸಾಮಾನ್ಯವಾಗಿ 79. ನಮ್ಮ ಕಲ್ಲಿನಲ್ಲಿ ಅದಿರಲಿಲ್ಲ. ವಿಳಂಬಿಯು 2018ರಲ್ಲಿ ಬಂದಿತ್ತು. ಅದಕ್ಕೆ ಮುಂಚೆ 1958ರಲ್ಲಿ. ಅದಕ್ಕೂ ಮುಂಚೆ 1898ರಲ್ಲಿ. ಇವುಗಳಲ್ಲಿ ಯಾವುದು? ಇಂತಹ ಸಂದರ್ಭದಲ್ಲಿ ಕಲ್ಲನ್ನು ಬಿಟ್ಟು ಮನುಷ್ಯರನ್ನು ಕೇಳಬೇಕು. ಎಂಬತ್ತು ದಾಟಿದ ನನ್ನ ಸೋದರತ್ತೆಯನ್ನು ಕೇಳಿದೆನು.

“ಐವತ್ತೆಂಟರಲ್ಲಿ ನಾನು ಮದುವೆಯ ವಯಸ್ಸಿನ ಹುಡುಗಿ ಕಣಮ್ಮ. ನಮ್ಮ ಮನೇಲಿ ಆಗ ಯಾವ ಹೆಂಗಸೂ ಸತ್ತಿರಲಿಲ್ಲ,” ಎಂದರು ಅತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಲ್ಲಿಗೆ ನಮ್ಮಜ್ಜಿ ಒಬ್ಬಳೇ ಹೋಗಿ ಎಡೆ ಇಡ್ತಿದ್ದಳು. ಅರಿಸಿನ ಕುಂಕುಮ, ಬಳೆ, ಎಲೆ ಅಡಿಕೆ. ಯಾರಿಗಜ್ಜಿ ಅಂದರೆ, ನಮ್ಮಕ್ಕನಿಗೆ ಅನ್ನೋಳು. ಅವಳಿಗೆ ಅಕ್ಕಂದಿರೇ ಇರಲಿಲ್ಲ,” ಎಂದರು.

1898ನೆಯ ಇಸವಿಯು ಬೆಂಗಳೂರಿಗೆ ಪ್ಲೇಗು ಬಂದ ವರ್ಷ. ಆಗಸ್ಟಿನಲ್ಲಿ ಪಟ್ಟಣವನ್ನು ಹೊಕ್ಕ ಮಾರಿಯು ಸುತ್ತಣ ಊರುಗಳಿಗೂ ಹಬ್ಬಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಬಯಲಿನಲ್ಲಿ ಗುಡಿಸಿಲು ಹಾಕಿಕೊಂಡಿದ್ದರು. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಇಂದಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ಕಾಲದ ನೆನಪು. ವಿಳಂಬಿಯ ಕಾರ್ತೀಕವೆಂದರೆ ಆ ವರ್ಷದ ನವೆಂಬರ್ ತಿಂಗಳ ಸುಮಾರು. ಅಷ್ಟಾದ ಮೇಲೆ ಅತ್ತೆಗೆ ಇನ್ನೊಂದು ಮಾತು ನೆನಪಾಯಿತು. “ಪ್ಲೇಗು ಮುಗಿದು ಎರಡು ವರ್ಷಕ್ಕೆ ಈ ಮನೆಗೆ ಸೊಸೆಯಾಗಿ ಬಂದೆ” ಎಂದು ಅಜ್ಜಿ ಹೇಳುತ್ತಿದ್ದಳಂತೆ. ಅವಳ ಕೊರಳಲ್ಲಿ ತಾಳಿಯ ಪಕ್ಕದಲ್ಲಿ ಬೇರೊಂದು ಪುಟ್ಟ ಚಿನ್ನದ ಬಿಲ್ಲೆಯೂ ಇತ್ತಂತೆ. ಎರಡನೆಯ ಸಂಬಂಧವಾಗಿ ಬಂದವಳು ಗತಿಸಿದ ಮೊದಲನೆಯವಳ ಹೆಸರಿನಲ್ಲಿ ಹಾಗೆ ಧರಿಸುವುದು ನಮ್ಮ ಕಡೆ ಹಲವು ಮನೆಗಳಲ್ಲಿ ನಡೆದುಬಂದಿತ್ತು.

ಮನೆಗೆ ಬಂದು ಹಳೆಯ ಲೆಕ್ಕದ ಪುಸ್ತಕವನ್ನು ತೆರೆದೆನು. ತಾತನ ಹುಟ್ಟನ್ನು ಯಾರೋ ಅದರಲ್ಲಿ ಬರೆದಿಟ್ಟಿದ್ದರು: ಹೇವಿಳಂಬಿ ಸಂವತ್ಸರ, ಮಾಘಮಾಸ. ಹೇವಿಳಂಬಿಯು ವಿಳಂಬಿಯ ಹಿಂದಿನ ವರ್ಷ. ಅದರ ಮಾಘವೆಂದರೆ 1898ರ ಮೊದಲ ತಿಂಗಳುಗಳು. ಅಜ್ಜಿಯು ಮನೆಗೆ ಕಾಲಿಡುವ ಹೊತ್ತಿಗೆ ತಾತನಿಗೆ ಎರಡು ವರ್ಷ ತುಂಬಿತ್ತು. ಎಂದರೆ ತಾತನು ಆಕೆಯ ಮಗನಲ್ಲ. ಕಲ್ಲಿನ ಕೆಳಗಿರುವ, ಹೆಸರಿನ ಬಾಲ ಮಾತ್ರ ಉಳಿದಿರುವ ಆ ತಾಯಿಯ ಮಗನು. ಹಾಲು ಬಿಡದ ಕೂಸನ್ನು ಬಿಟ್ಟು ಆಕೆ ಹೋದಳು. ನಮ್ಮ ಮೈಯಲ್ಲಿ ಹರಿಯುತ್ತಿರುವ ರಕ್ತವು ಆಕೆಯದು. ನಮ್ಮನ್ನು ಮನುಷ್ಯರನ್ನಾಗಿ ಮಾಡಿದ ಕೈ ಈಕೆಯದು. ಈಕೆಯು ಆ ಮಾತನ್ನು ಮಗನಿಗೆ ಎಂದೂ ಹೇಳಲಿಲ್ಲವೆಂದು ತೋರುತ್ತದೆ. ಆದರೆ ವರ್ಷ ವರ್ಷವೂ ಆಕೆಯ ಕಲ್ಲಿಗೆ ಎಡೆಯಿಡುವುದನ್ನು ಮಾತ್ರ ತಪ್ಪಿಸಲಿಲ್ಲ. ಇದನ್ನು ಕೇಳಿದ ಮೇಲೆ ಸೋದರತ್ತೆಯು ಬಹಳ ಹೊತ್ತು ಅತ್ತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ.

ನಮ್ಮ ಮನೆಯ ವಂಶವೃಕ್ಷವು ಇಲ್ಲವೆಂದಲ್ಲ. ಖಾತೆ ಬದಲಾವಣೆಗೆಂದು ಬರೆಯಿಸಿದ ಪತ್ರವಿದೆ. ಅದರಲ್ಲಿ ಐದು ತಲೆಮಾರಿನ ಗಂಡಸರಿದ್ದಾರೆ. ಈ ಇಬ್ಬರು ತಾಯಂದಿರಲ್ಲಿ ಒಬ್ಬಳೂ ಇಲ್ಲ. ಹಳೆಯ ಪ್ರತಿಯಲ್ಲಿ ನನ್ನ ಹೆಸರೂ ಇಲ್ಲ, ಸೋದರತ್ತೆಯ ಹೆಸರೂ ಇಲ್ಲ. 2005ರ ಕಾಯಿದೆಯು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನವಾದ ಹಕ್ಕನ್ನು ಕೊಟ್ಟ ಮೇಲೆ ನಮ್ಮ ಹೆಸರುಗಳು ಸೇರುವಂತಾದವು. ಆದರೆ ಕಾಯಿದೆಯು ಬದುಕಿದ್ದವರನ್ನು ಸೇರಿಸೀತೇ ಹೊರತು ಮರೆತುಹೋದವರನ್ನು ಸೇರಿಸಲಾರದು. ಅದು ಮನೆಯವರ ಕೆಲಸ.

ಆದುದರಿಂದ, ಪತ್ರ ಬರೆದ ಸೋದರಿಯೇ, ನಿಮಗೆ ನಾನು ಹೇಳುವುದು ಇಷ್ಟು. ಮೊದಲು ಮನೆಯಲ್ಲಿರುವ ಅತಿ ಹಿರಿಯ ಹೆಂಗಸನ್ನು ಕೇಳಿ. “ಮುತ್ತಜ್ಜಿಯ ಹೆಸರೇನು?” ಎಂದಷ್ಟೇ ಕೇಳಿದರೆ ತಿಳಿಯದೆಂದು ಹೇಳಿಯಾರು, “ಹಬ್ಬದಲ್ಲಿ ಯಾರು ಯಾರ ಹೆಸರಿಗೆ ಎಡೆಯಿಡುತ್ತಿದ್ದರು?” ಎಂದು ಕೇಳಿದರೆ ಹೇಳುತ್ತಾರೆ. ಇಸವಿಯನ್ನು ಕೇಳಬೇಡಿ, ಅದು ಧಾತು ಈಶ್ವರದ ಬರಗಾಲಕ್ಕೆ, ಎಂದರೆ 1876–78ಕ್ಕೆ, ಮುಂಚೆಯೋ ಆಮೇಲೆಯೋ, ಪ್ಲೇಗಿನ ವರ್ಷವೋ, 1918ರ ಇನ್‌ಫ್ಲುಯೆಂಜಾ ಜ್ವರದ ವರ್ಷವೋ ಎಂದು ಕೇಳಿ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿರುವುದರಿಂದ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಎಣಿಸದಂತೆ ಎಚ್ಚರವಿರಲಿ. ನಿಮ್ಮ ಮನೆಗೆ ಹೆಳವರು ಬರುವ ಪದ್ಧತಿಯಿದ್ದರೆ ನೀವು ಪುಣ್ಯವಂತರು. ಸುಗ್ಗಿಯ ತರುವಾಯ ಎತ್ತಿನೊಡನೆ ಬಂದು, ಮನೆತನದ ಮೂಲವನ್ನೂ ಕವಲುಗಳನ್ನೂ ಹಾಡಿ ಹೇಳಿ, ಕಾಳುಕಡ್ಡಿ ಬಟ್ಟೆಗಳನ್ನು ಪಡೆದುಹೋಗುವ ಅವರ ಪುಸ್ತಕಗಳಲ್ಲಿ ಎಷ್ಟೋ ಊರುಗಳ ವಂಶಾವಳಿಗಳುಂಟು. ಕಾಶಿ, ಗಯೆ, ಹರಿದ್ವಾರಗಳಿಗೆ ಹಿರಿಯರು ಯಾತ್ರೆ ಹೋಗಿದ್ದರೆ ಅಲ್ಲಿಯ ಪಂಡರ ವಹಿಗಳಲ್ಲಿಯೂ ವಿಚಾರಿಸಬಹುದು.

ಊರಿನಲ್ಲಿ ಹಳೆಗನ್ನಡದ ಶಾಸನವುಳ್ಳ ಕಲ್ಲೇನಾದರೂ ಕಂಡರೆ ನಿಧಿಯ ಆಸೆಗೆ ಅದನ್ನು ಕೀಳಗೊಡಿಸಬೇಡಿ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಬೆಂಗಳೂರು, ನೆಲಮಂಗಲ ಮೊದಲಾದ ತಾಲ್ಲೂಕುಗಳ ಶಾಸನಗಳು ಊರಿಂದೂರಿಗೆ ಅಚ್ಚಾಗಿವೆ. ನಿಮ್ಮ ಊರಿನ ಕಲ್ಲು ಅದರಲ್ಲಿದೆಯೇ ಎಂದು ನೋಡಿ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಬೆಳಕಿನ ಕಿರಣಗಳಿಂದ ಅಳೆದು ಅವುಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುತ್ತ ಬಂದಿರುವರು. ಅಂತಹವರಿಗೆ ತಿಳಿಸುವುದು ಒಳ್ಳೆಯದು.

ನಮ್ಮ ಹೊಲದ ಮಾತನ್ನು ಮುಗಿಸಿಬಿಡುತ್ತೇನೆ. “ಒಂದು ಕಲ್ಲಿಗೋಸ್ಕರ ಜಾಗ ಬಿಡೋದಾ ಅಕ್ಕ? ಅಡಿಯ ಲೆಕ್ಕದಲ್ಲಿ ಮಾರಾಟ ಆಗ್ತಿದೆ,” ಎಂದು ದೊಡ್ಡಪ್ಪನ ಮಗನು ಕೇಳಿದ್ದು ನ್ಯಾಯವೇ, ಅವನಿಗೂ ಸಾಲವಿತ್ತು, ಮಗಳ ಮದುವೆಯಿತ್ತು. ನಾನು ವಾದಿಸಲಿಲ್ಲ. ಸೋದರತ್ತೆಯನ್ನು ಕರೆದುಕೊಂಡು ಬಂದು ಅವನ ಎದುರಿಗೆ ಕೂರಿಸಿ, ಅಜ್ಜಿಯ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿದೆನು. ಮಾರನೆಯ ದಿನ ಅವನೇ ಹೋಗಿ, ಹೊಂಗೆಯ ಮರದ ಬುಡದ ಅರ್ಧ ಗುಂಟೆಯನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಚಕ್ಕುಬಂದಿಯೊಡನೆ ಕ್ರಯಪತ್ರದಲ್ಲಿ ಬಿಟ್ಟು ಬರೆಯಿಸಿದನು. ಬಾಯಿಮಾತನ್ನು ನಂಬಿ ಎರಡು ಕಲ್ಲುಗಳನ್ನು ಕಳೆದುಕೊಂಡಿದ್ದ ನಮಗೆ ಈ ಬುದ್ಧಿಯು ತಡವಾಗಿ ಬಂದಿತು. ನೀವು ಮೊದಲೇ ಬರೆಯಿಸಿಕೊಳ್ಳಿ.

ಆ ತಾಯಿಯ ಪೂರ್ತಿ ಹೆಸರು ನಮಗೆ ಸಿಕ್ಕಲಿಲ್ಲ. ಹೊಸದಾಗಿ ಬರೆದ ವಂಶವೃಕ್ಷದಲ್ಲಿ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಒಂದು ಖಾಲಿ ಜಾಗವನ್ನು ಬಿಟ್ಟು, ಅದರ ಮುಂದೆ “ಮ್ಮ” ಎಂದು ಬರೆದು, ವಿಳಂಬಿ ಸಂವತ್ಸರ, 1898 ಎಂದು ನಮೂದಿಸಿದ್ದೇವೆ. ಅದರ ಕೆಳಗೆ ಆಕೆಯ ಮಗುವನ್ನು ಸಾಕಿದವಳ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇವೆ. ಈ ಅಮಾವಾಸ್ಯೆಗೆ ಎರಡು ಎಡೆಗಳು ಹೊಲಕ್ಕೆ ಹೋಗುವುವು. ಸೋದರತ್ತೆಯು ಬಳೆಗಳನ್ನು ಆಗಲೇ ಕೊಂಡುತಂದು ಇಟ್ಟಿರುವರು.